ಹಾಲು ಕಾಫಿ ಮೊದಲು, ಮೊಲ ಆಮೇಲೆ

ನಮ್ಮ ಭಾವ ಸೆತ್ತಿಮಿಯೊ ಅವರಿಗೆ ಎಂಥ ಕಲಾತ್ಮಕ ಚಿತ್ರವಾದರೂ ನೀರು ಕುಡಿದಷ್ಟು ಸಲೀಸಾಗಿ ಅರ್ಥವಾಗುತ್ತದೆ ಎಂಬ ಸುದ್ದಿಯನ್ನು ಕಸ್ತೆಲ್‌ವೆಲ್ಲೊ ಊರಿನಲ್ಲಿ ಹಬ್ಬಿಸಿದವರು ಸ್ವತಃ ನಮ್ಮ ಭಾವನವರೇ. ಅವರು ಅಸ್ತ್ರಾ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸುವವರು. ಚಿತ್ರಮಂದಿರ ಮುನಿಸಿಪಾಲಿಟಿಯದು, ಭಾವನವರೂ ಮುನಿಸಿಪಾಲಿಟಿಯವರು. ಅದರ ಎದುರಿಗಿರುವ ಕಾಫಿ ಬಾರ್ ಮಾತ್ರ ನನ್ನದು. ಹಾಗಾಗಿ ಅವರ ಸಿನಿಮಾ ಜ್ಞಾನವನ್ನು ದಿನಕ್ಕೆ ಮೂರು ಹೊತ್ತು ಕೇಳುವ ಭಾಗ್ಯ ಈ ಊರಿನಲ್ಲಿ ನನ್ನೊಬ್ಬನಿಗೇ ಒದಗಿತ್ತು.

“ಕೆಳಗೆ ಕುರ್ಚೀಲಿ ಕೂತು ನೋಡಿದ್ರೆ ಆ ಚಿತ್ರಗಳು ಯಾವನಿಗೂ ಅರ್ಥ ಆಗಲ್ಲ ಕಣೋ ಗ್ವೆರ್ರೀನೊ,” ಎನ್ನುತ್ತಿದ್ದರು ಭಾವ, ಕಪ್ಪಿನ ತಳದ ಸಕ್ಕರೆಯನ್ನು ಚಮಚದಲ್ಲಿ ಕೆರೆಯುತ್ತ. “ಮೇಲೆ ಬೂತಿನ ಕಿಂಡಿಯಿಂದ ನೋಡ್ಬೇಕು. ಇಪ್ಪತ್ತೆಂಟು ವರ್ಷ ನೋಡಿದೀನಿ. ನಿರ್ದೇಶಕ ಏನು ಹೇಳಕ್ಕೆ ಹೊರಟಿದಾನೆ ಅಂತ ಅವನಿಗಿಂತ ಮುಂಚೆ ನಂಗೆ ಗೊತ್ತಾಗುತ್ತೆ. ಇಪ್ಪತ್ತೆಂಟು ವರ್ಷದಲ್ಲಿ ಒಂದು ರೀಲು ತಪ್ಪಿಲ್ಲ, ಒಂದು ಸಲ ಬೆಳಕು ಆರಿಲ್ಲ.”

ಇದರಲ್ಲಿ ಕೊನೆಯ ಮಾತು ನಿಜ. ಮೊದಲಿನದರ ಬಗ್ಗೆ ನಮ್ಮಕ್ಕ ಓರ್ನೆಲ್ಲಾ ಬೇರೆಯೇ ಸಾಕ್ಷಿ ಹೇಳುತ್ತಾಳೆ. ಆಕೆ ಊಟದ ಡಬ್ಬಿ ಹಿಡಿದು ಬೂತಿಗೆ ಹೋದಾಗಲೆಲ್ಲ ಭಾವ ಸ್ಟೂಲಿನ ಮೇಲೆ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದರಂತೆ. ಕಲಾತ್ಮಕ ಚಿತ್ರವಾದರೆ ಗೊರಕೆಯ ಶ್ರುತಿ ಇನ್ನೂ ಗಂಭೀರವಾಗಿರುತ್ತಿತ್ತಂತೆ.

ಅಂಥ ಭಾವನವರ ಕೈಗೆ ಆ ವರ್ಷ ಮಾರ್ಚಿನಲ್ಲಿ ಮೇಯರ್ ಬಾಲ್ದುಚ್ಚಿಯ ಸಹಿ ಇದ್ದ ಪತ್ರ ಬಂತು. ಅದರ ಮೇಲೆ ಮೂರು ಮೊಹರು. ನಮ್ಮ ದೇಶದಲ್ಲಿ ಮೂರು ಮೊಹರಿರುವ ಪತ್ರ ಬಂದರೆ ಮೊದಲು ಕೂತುಕೊಳ್ಳಬೇಕು, ಆಮೇಲೆ ಓದಬೇಕು. ಭಾವ ನಿಂತೇ ಓದಿದರು. ತಿಂಗಳ ಕೊನೆಗೆ ಅಸ್ತ್ರಾ ಚಿತ್ರಮಂದಿರ ಮುಚ್ಚುತ್ತದೆ. ಆ ಜಾಗದಲ್ಲಿ ಕಾರು ನಿಲ್ಲಿಸಲು ಗ್ಯಾರೇಜು ಏಳುತ್ತದೆ. ಸಿಬ್ಬಂದಿ ಸೆತ್ತಿಮಿಯೊ ಅವರನ್ನು ಊರ ಸ್ಮಶಾನಕ್ಕೆ ವರ್ಗ ಮಾಡಲಾಗಿದೆ. ಬೆಳಗ್ಗೆ ಎಂಟಕ್ಕೆ ಗೇಟು ತೆಗೆಯುವುದು, ಸಂಜೆ ಐದಕ್ಕೆ ಹಾಕುವುದು, ನಡುವೆ ಗೋರಿಗಳ ಮೇಲಿನ ದೀಪಗಳಲ್ಲಿ ಸುಟ್ಟುಹೋದ ಬಲ್ಬು ಬದಲಾಯಿಸುವುದು.

“ನಾನು ಸಿನಿಮಾದವನ್ನ ಮದುವೆಯಾದೆ, ಗೋರಿ ಕಾಯೋನನ್ನಲ್ಲ,” ಎಂದಳು ಅಕ್ಕ. ಹಾಗೆಂದು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಜೋರಾಗಿ ತೊಳೆಯತೊಡಗಿದಳು.

ಭಾವ ನನ್ನ ಬಾರಿಗೆ ಬಂದು ಮೂಲೆಯ ಮೇಜಿನಲ್ಲಿ ಕುಸಿದರು. “ಅಲ್ಲಿ ಇಂಟರ್‌ವಲ್‌ಗೆ ಅಂತ ಯಾರೂ ಎದ್ದು ಬರಲ್ಲ ಕಣೋ,” ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಪಾರಾಗಲು ಇದ್ದದ್ದು ಒಂದೇ ದಾರಿ. ಯಾವ ಚಿತ್ರಮಂದಿರಗಳನ್ನು ಉಳಿಸಬೇಕು ಎಂದು ತೀರ್ಮಾನಿಸುವ ಸರ್ಕಾರಿ ಸಮಿತಿಯೊಂದಿತ್ತು. ಅದರಲ್ಲಿ ಪ್ರೊಫೆಸರ್ ಅಲ್ಬ್ರಿತ್ಸಿ ಎಂಬ ವಿದ್ವಾಂಸೆ ಇದ್ದರು. ‘ಈ ಚಿತ್ರಮಂದಿರ ಕಲೆಗೆ ಬೇಕು’ ಎಂದು ಆಕೆ ಎರಡು ಸಾಲು ಬರೆದು ಸಹಿ ಹಾಕಿದರೆ ಮುಗಿಯಿತು, ಬಾಲ್ದುಚ್ಚಿ ಅಸ್ತ್ರಾದ ಒಂದು ಇಟ್ಟಿಗೆಯನ್ನೂ ಅಲುಗಿಸುವಂತಿರಲಿಲ್ಲ. ಅದೇ ಪ್ರೊಫೆಸರಮ್ಮ ತಿಂಗಳ ಕೊನೆಯ ಭಾನುವಾರ ನಮ್ಮೂರಿಗೆ ಬರುವವರಿದ್ದರು. ಜೊತೆಯಲ್ಲಿ ನಿರ್ದೇಶಕ ಉಲ್ದೆರಿಕೊ ಸಾಂತಮೌರ.

ಸಾಂತಮೌರ ನಮ್ಮೂರಿನ ಮಗ. ಹುಟ್ಟಿ ನಲವತ್ತು ದಿನಕ್ಕೇ ಅಪ್ಪ ಅಮ್ಮ ಅವರನ್ನು ಎತ್ತಿಕೊಂಡು ರೋಮಿಗೆ ಹೋದರು. ಆದರೂ ಪ್ರತಿ ಸಂದರ್ಶನದಲ್ಲೂ “ಕಸ್ತೆಲ್‌ವೆಲ್ಲೊದ ಗೋಡೆಗಳು ನನ್ನ ಮೂಳೆಯಲ್ಲಿವೆ” ಎನ್ನುತ್ತಾರೆ. ಅವರ ಹೊಸ ಚಿತ್ರ ‘ಭಾನುವಾರ, ಅಥವಾ ಅಲ್ಲ’ ಎಂಟು ದೇಶಗಳನ್ನು ಸುತ್ತಿತ್ತು. ಎರಡು ಬಹುಮಾನ ಗೆದ್ದಿತ್ತು. ಎಂಟು ದೇಶಗಳಲ್ಲೂ ಅರ್ಧ ಜನ ನಡುವೆ ಎದ್ದುಹೋಗಿದ್ದರು, ಉಳಿದ ಅರ್ಧ ಜನ ಪತ್ರಿಕೆಗಳಲ್ಲಿ ವಿಮರ್ಶೆ ಬರೆದಿದ್ದರು. ಆ ಚಿತ್ರದ ಮೇಲೆ ಪ್ರೊಫೆಸರಮ್ಮ ಮುನ್ನೂರು ಪುಟದ ಪುಸ್ತಕ ಬರೆದಿದ್ದರು. ಚಿತ್ರದ ಪ್ರದರ್ಶನ, ಪುಸ್ತಕದ ಬಿಡುಗಡೆ, ಆಮೇಲೆ ಚರ್ಚೆ, ಎಲ್ಲವೂ ಅಸ್ತ್ರಾದಲ್ಲಿ, ಸಂಜೆ ಆರಕ್ಕೆ.

“ಒಂದೇ ಒಂದು ಸಂಜೆ, ಭಾವ,” ಎಂದೆ ನಾನು. “ಏನೂ ಎಡವಟ್ಟಾಗದೆ ಚಿತ್ರ ಓಡಿಸಿಬಿಡಿ. ಮಿಕ್ಕಿದ್ದು ಆ ಯಮ್ಮನ ಕೈಲಿದೆ.”

“ಎಡವಟ್ಟಾ? ನನ್ನ ಕೈಲಾ?” ಎಂದರು ಭಾವ, ಎದೆ ಮುಟ್ಟಿಕೊಂಡು.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಭಾವ ಬೂತಿಗೆ ಹೋದರು. ಚಿತ್ರ ಆರು ರೀಲುಗಳಲ್ಲಿ ಬಂದಿತ್ತು. ಪ್ರತಿ ರೀಲಿನ ತಲೆಯಲ್ಲಿ ನಂಬರು ಬರೆದ ಒಂದು ತುಂಡು ಫಿಲಂ ಇರುತ್ತದೆ. ಅದನ್ನು ಕತ್ತರಿಸಿ ತೆಗೆದು, ಮೂರು ಮೂರು ರೀಲುಗಳನ್ನು ಸೇರಿಸಿ ಅಂಟಿಸಿ, ಎರಡು ದೊಡ್ಡ ಸುರುಳಿ ಮಾಡಬೇಕು. ಇಂಟರ್‌ವಲ್‌ಗೆ ಮುಂಚೆ ಒಂದು, ಆಮೇಲೆ ಒಂದು. ಭಾವನವರ ಪದ್ಧತಿ ಏನೆಂದರೆ ಮೊದಲು ಆರೂ ತುಂಡುಗಳನ್ನು ಕತ್ತರಿಸಿ ಹಾರದಂತೆ ಕೊರಳಿಗೆ ಹಾಕಿಕೊಳ್ಳುವುದು, ಆಮೇಲೆ ಸಾವಕಾಶವಾಗಿ ಅಂಟಿಸುವುದು. ರೀಲುಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿರುತ್ತಾರೆ, ತಪ್ಪುವ ಪ್ರಶ್ನೆಯೇ ಇಲ್ಲ. ಪಕ್ಕದಲ್ಲಿ ರೇಡಿಯೋ. ಭಾನುವಾರ ಮಧ್ಯಾಹ್ನ ರೇಡಿಯೋದಲ್ಲಿ ಫುಟ್‌ಬಾಲ್ ಕೇಳದೆ ಕೆಲಸ ಮಾಡುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ನಮ್ಮ ಜಿಲ್ಲೆಯ ತಂಡ ಹನ್ನೊಂದು ಭಾನುವಾರಗಳಿಂದ ಒಂದು ಗೋಲನ್ನೂ ಹೊಡೆದಿರಲಿಲ್ಲ. ಆಚೆ ಪಕ್ಷದವರೇ ಮರುಕಪಟ್ಟು ಹೊಡೆಸಿಕೊಂಡರೆ ಉಂಟು ಎಂಬ ಸ್ಥಿತಿ. ಅಂಥವರು ಆ ದಿನ, ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಗೋಲು ಹೊಡೆದರು.

ನನ್ನ ಬಾರಿನಲ್ಲಿ ಹದಿನಾಲ್ಕು ಜನ ಒಟ್ಟಿಗೆ ಕೂಗಿದರು. ಆ ಕೂಗಿನ ಮೇಲೂ ನನಗೆ ಎದುರುಗಡೆಯ ಸದ್ದು ಕೇಳಿಸಿತು. ತಗಡಿನ ಚಕ್ರಗಳು ಮೆಟ್ಟಿಲ ಮೇಲೆ ಉರುಳುವ ಸದ್ದು. ಏಪ್ರನ್ನಿನಲ್ಲೇ ಓಡಿದೆ.

ಭಾವ ಬೂತಿನ ಮೆಟ್ಟಿಲ ಮೇಲೆ ಕೂತಿದ್ದರು. ಕೊರಳಲ್ಲಿ ಆರು ತುಂಡುಗಳ ಹಾರ. ಗೋಲು ಕೇಳಿ ನೆಗೆದವರ ಮೊಣಕಾಲು ಮೇಜಿಗೆ ತಗುಲಿ, ಆರು ರೀಲುಗಳೂ ಮೆಟ್ಟಿಲಿಳಿದು, ಒಂದು ಟಿಕೆಟ್ ಕಿಂಡಿಯ ಹತ್ತಿರ, ಎರಡು ಬಾಗಿಲ ಹತ್ತಿರ, ಒಂದು ಹೆಂಗಸರ ಶೌಚಾಲಯದ ಒಳಗೆ, ಹೀಗೆ ಮನಸ್ಸಿಗೆ ಬಂದಲ್ಲಿ ಮಲಗಿದ್ದವು.

“ಹನ್ನೊಂದು ವಾರ ಸುಮ್ನಿದ್ದೋರು,” ಎಂದರು ಭಾವ ಕ್ಷೀಣ ದನಿಯಲ್ಲಿ, “ಇವತ್ತೇ ಹೊಡೀಬೇಕಿತ್ತೇನೋ?”

“ಗಾಬರಿ ಬೇಡ ಭಾವ. ಜೋಡಿಸಿದ್ರಾಯ್ತು. ಯಾವುದು ಮೊದಲನೇದು?”

“ಅದೇ ಗೊತ್ತಿದ್ದಿದ್ರೆ ನಾನ್ಯಾಕೆ ಮೆಟ್ಲ ಮೇಲೆ ಕೂತಿರ್ತಿದ್ದೆ?”

“ಚಿತ್ರದ ಹೆಸರು ಇರೋ ರೀಲೇ ಮೊದಲನೇದು ಅಲ್ವಾ?”

ಭಾವ ನನ್ನನ್ನು ಕನಿಕರದಿಂದ ನೋಡಿದರು. “ಸಾಂತಮೌರನ ಚಿತ್ರದಲ್ಲಿ ಹೆಸರು ಮೊದಲು ಬರುತ್ತೇನೋ? ಹೋದ ಸಲದ್ದರಲ್ಲಿ ಹೆಸರು ಕೊನೇಲಿ ಬಂತು. ಅದಕ್ಕಿಂತ ಹಿಂದಿನದ್ದರಲ್ಲಿ ಬರಲೇ ಇಲ್ಲ.”

ರೀಲುಗಳನ್ನು ಹೆಕ್ಕಿ ತಂದು ಒಂದೊಂದನ್ನೇ ಬಲ್ಬಿಗೆ ಹಿಡಿದು ನೋಡಿದೆವು. ಬೇರೆ ಯಾವ ಚಿತ್ರವಾಗಿದ್ದರೂ ಬಟ್ಟೆ ನೋಡಿ ಹೇಳಬಹುದಿತ್ತು, ಮದುವೆ ನೋಡಿ ಹೇಳಬಹುದಿತ್ತು, ಹೀರೋಗೆ ಬ್ಯಾಂಡೇಜು ಬಿದ್ದಿದ್ದರೆ ಹೊಡೆದಾಟ ಮುಗಿದಿದೆ ಎನ್ನಬಹುದಿತ್ತು. ಇಲ್ಲಿ ಒಂದೇ ಅಡುಗೆಮನೆ. ಒಬ್ಬನೇ ಮುದುಕ. ಆರು ರೀಲಿಗೂ ಸೇರಿ ಒಂದೇ ಕಂದು ಸ್ವೆಟರು. ಒಂದೊಂದು ರೀಲಿನ ಕೊನೆಗೂ ಒಂದಷ್ಟು ಉದ್ದ ಬರೀ ಕತ್ತಲೆ.

“ಇದರಲ್ಲಿ ಗಡ್ಡ ಸ್ವಲ್ಪ ಜಾಸ್ತಿ ಇದೆ ಅಲ್ವಾ ಭಾವ?”

“ಅದು ಧೂಳು ಕಣೋ. ಬಾಗ್ಲ ಹತ್ರ ಬಿದ್ದಿದ್ದು ಇದೇ.”

“ನಿರ್ದೇಶಕರನ್ನೇ ಕೇಳ್ಬಿಡೋಣ. ಐದಕ್ಕೆ ಬರ್ತಾರಲ್ಲ.”

“ಕೇಳಿ ಏನನ್ನಲಿ? ಇಪ್ಪತ್ತೆಂಟು ವರ್ಷ ತಪ್ಪಿಲ್ಲ ಸ್ವಾಮಿ, ಇವತ್ತು ನಿಮ್ಮ ಚಿತ್ರ ಹೆಂಗಸರ ಶೌಚಾಲಯದಲ್ಲಿ ಬಿದ್ದಿತ್ತು ಅನ್ನಲಾ? ಪಕ್ಕದಲ್ಲೇ ಆ ಯಮ್ಮ ಇರ್ತಾಳೆ. ಸ್ಮಶಾನದ ಬೀಗದಕೈ ನಾನೇ ಕೇಳಿ ಇಸ್ಕೊಂಡ ಹಾಗಾಗುತ್ತೆ!”

ಚಿತ್ರ ಕಳಿಸಿದ ಕಂಪನಿಗೆ ಫೋನು ಮಾಡೋಣವೆಂದರೆ ಭಾನುವಾರ. ಗಂಟೆ ಐದಾಗುತ್ತ ಬಂದಿತ್ತು. ಆಗ ನಾನೇ, ಹಾಳಾದ್ದು ನಾನೇ, ಒಂದು ರೀಲನ್ನು ಕಣ್ಣಿಗೆ ಹತ್ತಿರ ಹಿಡಿದು, “ಇದರಲ್ಲಿ ಏನೋ ತಿಂತಾ ಇದಾನೆ,” ಎಂದೆ.

ಭಾವ ಕಸಿದುಕೊಂಡು ನೋಡಿದರು. ಪಾಸ್ತಾ. ಮತ್ತೊಂದರಲ್ಲಿ ಹುರಿದ ಮೊಲ. ಇನ್ನೊಂದರಲ್ಲಿ ಪೇರ್ ಹಣ್ಣು, ಅಂದರೆ ಮರಸೇಬು. ಒಂದರಲ್ಲಿ ದೊಡ್ಡ ಕಪ್ಪಿನಲ್ಲಿ ಹಾಲು ಕಾಫಿ, ಒಂದರಲ್ಲಿ ಚಿಕ್ಕ ಕಪ್ಪಿನಲ್ಲಿ ಕರಿ ಕಾಫಿ, ಒಂದರಲ್ಲಿ ಹಸಿರು ಸೊಪ್ಪಿನ ಸಲಾಡು.

ಭಾವನ ಬೆನ್ನು ನೆಟ್ಟಗಾಯಿತು. “ಹಾಗೆ ಹೇಳು ಮತ್ತೆ! ಈಗ ಚಿತ್ರ ಅರ್ಥ ಆಯ್ತು. ಹಾಲು ಕಾಫಿ ಬೆಳಗ್ಗೆ ಬಿಟ್ರೆ ನಮ್ಮ ಕಡೆ ಯಾರೂ ಮುಟ್ಟಲ್ಲ. ಅದೇ ಮೊದಲು. ಆಮೇಲೆ ಪಾಸ್ತಾ. ಆಮೇಲೆ ಮೊಲ. ಕೊನೆಗೆ ಹಣ್ಣು, ಕರಿ ಕಾಫಿ. ಇದರಲ್ಲಿ ತಪ್ಪೋಕೆ ಏನಿದೆಯೋ? ಮನುಷ್ಯ ಅಂದ್ಮೇಲೆ ಹೀಗೇ ತಿನ್ನೋದು.”

ತೊಡಕು ಬಂದದ್ದು ಸಲಾಡಿನಲ್ಲಿ. ಮೊಲದ ಜೊತೆಯಲ್ಲೇ, ಅಂದರೆ ಮೊಲಕ್ಕೆ ಮುಂಚೆಯೇ ಮೇಜಿಗೆ ಬರಬೇಕು ಎಂದೆ ನಾನು. ಆಮೇಲೆ ಎಂದರು ಭಾವ. ಐದು ನಿಮಿಷ ಕೂಗಾಡಿದೆವು. ನಾನು ಅವರ ತಾಯಿಯ ಅಡುಗೆಯ ಬಗ್ಗೆ ಒಂದು ಮಾತು ಆಡಿದೆ, ಅವರು ನನ್ನ ಬಾರಿನ ಬಗ್ಗೆ ಎರಡು ಮಾತು ಆಡಿದರು. ಕೊನೆಗೆ ಮನೆಗೆ ಫೋನು ಮಾಡಿದೆವು.

“ಸಲಾಡು ಮೊಲ ಆದ್ಮೇಲೆ,” ಎಂದಳು ಅಕ್ಕ ಓರ್ನೆಲ್ಲಾ. “ಯಾಕೆ? ಇವತ್ತು ಚಿತ್ರ ಓಡ್ಸೋದು ಬಿಟ್ಟು ಎಲ್ಲಿ ಊಟಕ್ಕೆ ಹೊರಟ್ರಿ ಇಬ್ರೂ?”

ಐದೂಮುಕ್ಕಾಲಿಗೆ ಕೊನೆಯ ಅಂಟು ಬಿತ್ತು.

ಆರು ಗಂಟೆಗೆ ಅಸ್ತ್ರಾ ತುಂಬಿತ್ತು. ಚರ್ಚೆಯ ನಂತರ ತಿಂಡಿ ಇದೆ ಎಂದು ಮುನಿಸಿಪಾಲಿಟಿ ಫಲಕ ಹಾಕಿದ್ದೇ ಕಾರಣ. ಮುಂದಿನ ಸಾಲಿನಲ್ಲಿ ಮೇಯರ್ ಬಾಲ್ದುಚ್ಚಿ, ಮೇಯರ್ ಪದವಿಯ ಮೂರು ಬಣ್ಣದ ಪಟ್ಟಿಯನ್ನು ಹೊಟ್ಟೆಯ ಮೇಲೆ ಅಡ್ಡಲಾಗಿ ಧರಿಸಿ ಕೂತಿದ್ದ. ಪಕ್ಕದಲ್ಲಿ ಕಪ್ಪು ಕೋಟಿನ ಸಾಂತಮೌರ, ಮೀಸೆ ಕಡಿಯುತ್ತ. ಹಿಂದೆ ಕಸಾಯಿ ಅಂಗಡಿಯ ಪ್ರಿಮೊ, ಅವನ ಪಕ್ಕ ಎಂಬತ್ತು ದಾಟಿದ ಪಾಲ್ಮೀರಜ್ಜಿ. ಇಂಥ ಚಿತ್ರ ಮುಗಿದ ಮೇಲೆ ನಮ್ಮೂರಿನಲ್ಲಿ ಚರ್ಚೆ ನಡೆಯಲೇಬೇಕು. ಚರ್ಚೆಯಲ್ಲಿ ಎಲ್ಲರೂ ಸರದಿಯಂತೆ ಎದ್ದು “ಬಹಳ ಆಳವಾಗಿದೆ” ಎಂದು ಹೇಳಿ ಕೂತುಕೊಳ್ಳುತ್ತಾರೆ. ಪ್ರಿಮೊ ಆ ಮಾತನ್ನು ಬಾಯಿಪಾಠ ಮಾಡಿಕೊಂಡೇ ಬಂದಿದ್ದ.

ಪ್ರೊಫೆಸರ್ ಅಲ್ಬ್ರಿತ್ಸಿ ವೇದಿಕೆಗೆ ಬಂದರು. ಎತ್ತರದ ಹೆಂಗಸು, ಕೆಂಪು ಕನ್ನಡಕ, ಕೈಯಲ್ಲಿ ಆ ಮುನ್ನೂರು ಪುಟದ ಪುಸ್ತಕ.

“ಈ ಚಿತ್ರದಲ್ಲಿ ಏನೂ ನಡೆಯುವುದಿಲ್ಲ,” ಎಂದರು. “ನಡೆಯದೆ ಇರುವುದೇ ಇಲ್ಲಿನ ಘಟನೆ. ಕಾಲ ಇಲ್ಲಿ ಒಡೆದ ಕನ್ನಡಿ. ಮೇಜಿನ ಮೇಲಿನ ಎರಡನೆಯ ತಟ್ಟೆಯನ್ನು ಗಮನಿಸಿ. ಅದು ಇಬ್ಭಾಗವಾದ ಆಧುನಿಕ ಆತ್ಮ. ಅದರ ಮೇಲೆ ನಾನು ನಲವತ್ತೆರಡು ಪುಟ ಬರೆದಿದ್ದೇನೆ.”

ನಲವತ್ತು ನಿಮಿಷ ಮಾತಾಡಿದರು. ನಾನು ಬೂತಿನಲ್ಲಿ ಭಾವನ ಪಕ್ಕ ನಿಂತಿದ್ದೆ. ಭಾವ ಬೆವರು ಒರೆಸಿಕೊಂಡು ಸ್ವಿಚ್ಚು ಹಾಕಿದರು.

ಮುದುಕ ಹಾಲು ಕಾಯಿಸಿದ. ಎರಡು ಕಪ್ಪು ಇಟ್ಟ. ಒಂದರಲ್ಲಿ ಒಣ ಬ್ರೆಡ್ಡು ಅದ್ದಿ ತಿಂದ. ಐದು ನಿಮಿಷಕ್ಕೆಲ್ಲ ಎದ್ದುಹೋಗಬೇಕಾದವರು ಯಾರೂ ಏಳಲಿಲ್ಲ. ಮುದುಕ ಪಾಸ್ತಾಕ್ಕೆ ಹಿಟ್ಟು ನಾದತೊಡಗಿದ. “ಇನ್ನೊಂದು ಮೊಟ್ಟೆ ಬೇಕು ಅದಕ್ಕೆ,” ಎಂದಿತು ಕತ್ತಲಲ್ಲಿ ಒಂದು ದನಿ. “ಸಾಕು ಬಿಡ್ರೀ, ಹಿಟ್ಟು ಸಣ್ಣಕ್ಕಿದೆ,” ಎಂದಿತು ಇನ್ನೊಂದು. ಮುದುಕ ಪಾಸ್ತಾ ಬೇಯಿಸಿ ಎರಡು ತಟ್ಟೆಗೆ ಬಡಿಸಿದ.

“ಎರಡು ತಟ್ಟೆ ಇಟ್ಟ,” ಎಂದಳು ಪಾಲ್ಮೀರಜ್ಜಿ. ಕಿವಿ ಮಂದವಾದ್ದರಿಂದ ಅಜ್ಜಿಯ ಪಿಸುಮಾತು ಇಡೀ ಥಿಯೇಟರಿಗೆ ಕೇಳುತ್ತದೆ. “ಯಾರೋ ಬರ್ತಾರೆ.”

ಅಷ್ಟೇ ಸಾಕಾಯಿತು. ಏನೂ ನಡೆಯದ ಚಿತ್ರದಲ್ಲಿ ಮುನ್ನೂರು ಜನ ಬಾಗಿಲು ಯಾವಾಗ ಬಡಿಯುತ್ತದೆ ಎಂದು ಕುರ್ಚಿಯ ತುದಿಗೆ ಬಂದು ಕೂತರು. ಮುದುಕ ಮೊಲ ಹುರಿದ, ಅದಕ್ಕೂ ಎರಡು ತಟ್ಟೆ. ಕತ್ತಿಯಿಂದ ಕೊಯ್ಯುವಾಗ ಪರದೆಯ ಮೇಲೆ ಚಿತ್ರದ ಹೆಸರು ಮೂಡಿತು, ಅದನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಎರಡನೆಯ ತಟ್ಟೆಯ ಮೊಲ ಆರಿ ತಣ್ಣಗಾಗುವಾಗ ಪ್ರಿಮೊ ಹಲ್ಲು ಕಚ್ಚಿ, “ಬೇಗ ಬಾರಮ್ಮಾ, ತಣ್ಣಗಾದ್ರೆ ಮೊಲ ನಾರಾಗುತ್ತೆ,” ಎಂದದ್ದು ಬೂತಿಗೂ ಕೇಳಿಸಿತು.

ದೀಪ ಹತ್ತಿತು. ಇಂಟರ್‌ವಲ್. ಯಾರೂ ನನ್ನ ಬಾರಿಗೆ ಓಡಲಿಲ್ಲ. ನನ್ನ ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಅದು ಮೊದಲ ಸಲ. ಎಲ್ಲರೂ ಅಲ್ಲಲ್ಲೇ ಜಗಳಕ್ಕೆ ನಿಂತಿದ್ದರು. ಬರುವುದು ಮಗಳೇ ಎಂದು ಪ್ರಿಮೊ, ಪಾದ್ರಿ ಎಂದು ಔಷಧಿ ಅಂಗಡಿಯವರು, ಇಟ್ಟುಕೊಂಡವಳು ಎಂದು ಹಿಂದಿನ ಸಾಲಿನಲ್ಲಿದ್ದ ಕಾನ್ವೆಂಟಿನ ಸಿಸ್ಟರುಗಳಲ್ಲಿ ಒಬ್ಬರು.

“ನಿಲ್ಲಿಸಿ!”

ಪ್ರೊಫೆಸರಮ್ಮ ವೇದಿಕೆಯ ಮೇಲೆ ನಿಂತಿದ್ದರು. ಕನ್ನಡಕದ ಕೆಂಪು ಮುಖಕ್ಕೂ ಇಳಿದಿತ್ತು. “ಇದು ನಾನು ನೋಡಿದ ಚಿತ್ರ ಅಲ್ಲ! ಈಗ ಸರಿಹೋದೀತು, ಆಗ ಸರಿಹೋದೀತು ಎಂದು ಇಷ್ಟು ಹೊತ್ತು ತಡೆದುಕೊಂಡೆ. ಕರಿ ಕಾಫಿಯಿಂದ ಶುರುವಾಗಬೇಕು. ಆಮೇಲೆ ಸಲಾಡು. ಪೇರ್ ಹಣ್ಣಿನ ನಂತರ ಹಾಲು ಕಾಫಿ. ಯಾರು ಈ ಅನರ್ಥ ಮಾಡಿದ್ದು?”

ಮೇಯರ್ ಬಾಲ್ದುಚ್ಚಿ ಇದಕ್ಕೇ ಕಾಯುತ್ತಿದ್ದವನಂತೆ ಎದ್ದ. “ಸೆತ್ತಿಮಿಯೊ! ಇಳಿಯಯ್ಯಾ ಕೆಳಗೆ!”

ಭಾವ ಇಳಿದರು. ನಾನು ಹಿಂದೆಯೇ ಇಳಿದೆ. ಕೊರಳಲ್ಲಿ ಆ ಆರು ತುಂಡುಗಳ ಹಾರ ಹಾಗೇ ಇತ್ತು, ತೆಗೆಯುವುದು ಇಬ್ಬರಿಗೂ ಮರೆತಿತ್ತು.

“ಊರಿನ ಮಾನ ಕಳೆದ್ಯಲ್ಲಯ್ಯಾ,” ಎಂದ ಬಾಲ್ದುಚ್ಚಿ. “ತಿಂಗಳ ಕೊನೆಯೂ ಬೇಡ. ನಾಳೆ ಬೆಳಗ್ಗೆ ಎಂಟಕ್ಕೆ ಸ್ಮಶಾನದ ಗೇಟಿಗೆ ಬಾ. ಬೀಗದಕೈ ಅಲ್ಲೇ ಕೊಡ್ತೀನಿ.”

ಅಕ್ಕ ಓರ್ನೆಲ್ಲಾ ಏಳನೆಯ ಸಾಲಿನಲ್ಲಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

“ಇವನಾ ಚಿತ್ರ ಓಡಿಸಿದವನು?” ಎಂದರು ಪ್ರೊಫೆಸರಮ್ಮ. “ನೋಡಪ್ಪಾ, ಸಮಿತಿಗೆ ನಾನು ಏನು ಬರೆಯುತ್ತೇನೆ ಗೊತ್ತೆ? ಈ ಚಿತ್ರಮಂದಿರ ಒಬ್ಬ ಅವಿವೇಕಿಯ ಕೈಯಲ್ಲಿದೆ ಎಂದು ಬರೆಯುತ್ತೇನೆ. ಯಾವ ಆಧಾರದ ಮೇಲೆ ಜೋಡಿಸಿದೆ ಈ ರೀಲುಗಳನ್ನು?”

ಭಾವ ಕೊರಳಿನ ಹಾರವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಸುಳ್ಳು ಹೇಳುತ್ತಾರೆ ಎಂದುಕೊಂಡೆ, ಹೇಳಲಿ ಎಂದೂ ಅಂದುಕೊಂಡೆ. ಆದರೆ ನಮ್ಮ ಭಾವ ಬಡಾಯಿ ಕೊಚ್ಚುತ್ತಾರೆಯೇ ಹೊರತು ಕಷ್ಟಕಾಲದಲ್ಲಿ ಸುಳ್ಳು ಹೇಳಲು ಬರುವುದಿಲ್ಲ.

“ಬೀಳಿಸಿದ್ದು ನಾನೇ ಮೇಡಂ. ಗೋಲು ಹೊಡೆದ್ರು, ಬಿದ್ದೋಯ್ತು. ತಪ್ಪು ನಂದೇ. ಆದ್ರೆ ಜೋಡಿಸಿದ್ದು ಮಾತ್ರ ಯೋಚನೆ ಮಾಡೇ ಜೋಡಿಸಿದೀನಿ.” ಅವರ ದನಿ ಸ್ವಲ್ಪ ಏರಿತು. “ನೀವೇ ಹೇಳಿ ಮೇಡಂ, ಊಟ ಆಗಿ ಹಣ್ಣು ತಿಂದ್ಮೇಲೆ ಹಾಲು ಕಾಫಿ ಯಾರು ಕುಡೀತಾರೆ?”

ಅಸ್ತ್ರಾ ಗದ್ದಲವಾಗಿ ಹೋಯಿತು.

“ಸರಿಯಾಗ್ ಕೇಳ್ದ!” ಎಂದು ಎದ್ದ ಪ್ರಿಮೊ. “ಹಣ್ಣಾದ್ಮೇಲೆ ಹಾಲು ಕಾಫಿನಾ? ಅವನೇನು ಜರ್ಮನಿಯಿಂದ ಬಂದ ಟೂರಿಸ್ಟಾ?”

“ಕಲೆಯಲ್ಲಿ ಕುಡಿಯುತ್ತಾರೆ!” ಎಂದು ಕೂಗಿದರು ಪ್ರೊಫೆಸರಮ್ಮ.

“ಹೊಟ್ಟೆ ಕೆಡುತ್ತಮ್ಮಾ,” ಎಂದಳು ಪಾಲ್ಮೀರಜ್ಜಿ. “ಕಲೇಲಿ ಕುಡಿದ್ರೂ ಕೆಡುತ್ತೆ. ಅದಿರ್ಲಿ, ಆ ಮನುಷ್ಯ ಮೊಲ ಒಬ್ನೇ ತಿಂದ. ಸಲಾಡಾದ್ರೂ ತಿನ್ನೋಕ್ ಬಿಡಿ ಅವನ್ನ. ಯಾರು ಬರ್ತಾರೋ ನೋಡ್ಬೇಕು ನಾನು.”

“ಓಡ್ಸಿ! ಓಡ್ಸಿ!” ಎಂದಿತು ಹಿಂದಿನ ಸಾಲು, ಸಿಸ್ಟರುಗಳೂ ಸೇರಿ.

ಬಾಲ್ದುಚ್ಚಿ ಎರಡೂ ಕೈ ಎತ್ತಿದ. “ಶಾಂತಿ, ಶಾಂತಿ! ಚಿತ್ರ ಯಾರದ್ದೋ ಅವರೇ ಹೇಳಲಿ. ಸಾಂತಮೌರ ಸಾಹೇಬ್ರೇ, ನಿಮ್ಮ ಕಲಾಕೃತಿಯನ್ನ ಈ ಮನುಷ್ಯ ಹಾಳು ಮಾಡಿದಾನೆ. ಪೊಲೀಸರನ್ನ ಕರೆಸ್ಲಾ?”

ಸಾಂತಮೌರ ಮೆಲ್ಲಗೆ ಎದ್ದರು. ಭಾವ ಕಣ್ಣು ಮುಚ್ಚಿಕೊಂಡರು.

“ಹಾಳು ಮಾಡಿಲ್ಲ,” ಎಂದರು ಸಾಂತಮೌರ. “ನಾನು ತೆಗೆದಿದ್ದೇ ಹೀಗೆ.”

“ಏನು?” ಎಂದರು ಪ್ರೊಫೆಸರಮ್ಮ.

“ಮೊದಲು ಜೋಡಿಸಿದ್ದೂ ಹೀಗೇ ಮೇಡಂ. ಹಾಲು ಕಾಫಿ ಮೊದಲು, ಮೊಲ ಆಮೇಲೆ. ಅಷ್ಟರಲ್ಲಿ ನೀವು ನನ್ನ ಹಿಂದಿನ ಚಿತ್ರದ ಮೇಲೆ ಬರೆದ ಪುಸ್ತಕ ಓದಿದೆ. ‘ಸಾಂತಮೌರರಲ್ಲಿ ಕಾಲ ಒಡೆದಿರುತ್ತದೆ’ ಅಂತ ಬರೆದಿದ್ರಿ. ನನಗೆ ಗೊತ್ತೇ ಇರಲಿಲ್ಲ, ಒಡೆದಿದೆ ಅಂತ. ಇಷ್ಟು ದೊಡ್ಡವರು ಹೇಳ್ತಿದಾರಲ್ಲ ಅಂತ ಮನೆಗೆ ಹೋಗಿ ಒಡೆದೆ.”

ಯಾರೋ ಫಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಪ್ರೊಫೆಸರಮ್ಮ ಮಾತ್ರ ನಗಲಿಲ್ಲ. ಕುರ್ಚಿ ಹುಡುಕಿಕೊಂಡು ಕೂತರು.

“ಏನಪ್ಪಾ ಸೆತ್ತಿಮಿಯೊ,” ಎಂದರು ಸಾಂತಮೌರ, “ಉಳಿದದ್ದನ್ನ ಓಡಿಸು. ನಿನಗೆ ತೋಚಿದ ಹಾಗೇ.”

ಭಾವ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ಐವತ್ತೇಳರ ವಯಸ್ಸು, ಹೆಜ್ಜೆ ಮಾತ್ರ ಇಪ್ಪತ್ತರದು.

ಮುದುಕ ಸಲಾಡು ತಿಂದ. ಎರಡನೆಯ ತಟ್ಟೆಗೂ ಬಡಿಸಿದ. ಬಾಗಿಲು ಬಡಿಯಲಿಲ್ಲ. ಆಮೇಲೆ ಒಂದು ಪೇರ್ ಹಣ್ಣು ತೆಗೆದುಕೊಂಡು, ಸಿಪ್ಪೆ ಉದ್ದಕ್ಕೆ ಬಿಡಿಸಿ, ಎರಡು ಹೋಳು ಮಾಡಿದ. ಒಂದು ಹೋಳನ್ನು ಎದುರಿನ ತಟ್ಟೆಯಲ್ಲಿಟ್ಟ. ತನ್ನ ಹೋಳನ್ನು ತಿಂದ. ಆ ಇನ್ನೊಂದು ಹೋಳನ್ನೇ ಬಹಳ ಹೊತ್ತು ನೋಡುತ್ತ ಕೂತ. ಈ ಸಲ ಯಾರೂ ಕೆಮ್ಮಲಿಲ್ಲ, ಪ್ರಿಮೊ ಹಲ್ಲು ಕಚ್ಚಲಿಲ್ಲ. ಮುದುಕ ಕೈ ಚಾಚಿ ಆ ಹೋಳನ್ನೂ ತಾನೇ ತಿಂದ. ಎದ್ದು ಎರಡನೆಯ ತಟ್ಟೆಯನ್ನು ತೊಳೆದು ಒರೆಸಿ ಬೀರುವಿನ ಮೇಲಿನ ಅರೆಯಲ್ಲಿಟ್ಟು ಬಾಗಿಲು ಹಾಕಿದ.

“ಯಾರೂ ಬರಲ್ಲ,” ಎಂದಳು ಪಾಲ್ಮೀರಜ್ಜಿ. ಈ ಸಲ ನಿಜವಾಗಿಯೂ ಪಿಸುಮಾತಿನಲ್ಲಿ. “ಹೆಂಡ್ತಿ ತಟ್ಟೆ ಅದು. ನಾನೂ ಇಡ್ತಿದ್ದೆ, ಮೊದಲನೇ ವರ್ಷ.”

ಕೊನೆಯ ರೀಲಿನಲ್ಲಿ ಕರಿ ಕಾಫಿ, ಒಂದೇ ಕಪ್ಪಿನಲ್ಲಿ. ಮುದುಕ ಕಿಟಕಿ ತೆರೆದು, ನಿಂತು, ಬಿಸಿಲಿನಲ್ಲಿ ಅದನ್ನು ಕುಡಿದ. ಅಷ್ಟೇ. ಕತ್ತಲೆ.

ಬೂತಿನಲ್ಲಿ ನಮ್ಮ ಭಾವ ಎದ್ದೇ ಇದ್ದರು. ಕಿಂಡಿಗೆ ಹಣೆ ಒತ್ತಿಕೊಂಡು ಮಗುವಿನಂತೆ ಬಿಕ್ಕುತ್ತಿದ್ದರು. ನಾನೂ ಅತ್ತೆ, ಯಾಕೆ ಮುಚ್ಚಿಡಲಿ?

ದೀಪ ಹತ್ತಿದಾಗ ಮುನ್ನೂರು ಜನ ಮೂಗು ಒರೆಸಿಕೊಳ್ಳುತ್ತಿದ್ದರು. ಆಮೇಲೆ ಚಪ್ಪಾಳೆ ಶುರುವಾಯಿತು ನೋಡಿ, ಛಾವಣಿಯ ಸುಣ್ಣ ಉದುರಿ ಬಾಲ್ದುಚ್ಚಿಯ ತಲೆಯ ಮೇಲೆ ಬಿತ್ತು. ಚರ್ಚೆಗೆ ಮೈಕು ಕೊಟ್ಟರೆ ಪ್ರಿಮೊ ಎದ್ದ. ಬಾಯಿಪಾಠ ಮಾಡಿದ್ದು ಮರೆತುಹೋಗಿತ್ತು. “ನಾಳೆ ನಾನು ನಮ್ಮಪ್ಪನ ಮನೆಗೆ ಹೋಗ್ತೀನಿ,” ಎಂದು ಹೇಳಿ ಕೂತ.

ಸಾಂತಮೌರ ಮೈಕು ತೆಗೆದುಕೊಂಡರು. “ನಮ್ಮಮ್ಮ ತೀರ್ಕೊಂಡ್ಮೇಲಿನ ಮೊದಲನೇ ಭಾನುವಾರ ನಮ್ಮಪ್ಪ ಹೀಗೇ ಊಟ ಮಾಡಿದ್ದು,” ಎಂದರು. “ಎಂಟು ದೇಶದಲ್ಲಿ 'ಇದರ ಅರ್ಥವೇನು' ಅಂತ ಕೇಳಿದ್ರು. ಎಲ್ಲೂ ಹೇಳಿರಲಿಲ್ಲ ನಾನು. ಹೇಳೋಕೆ ನಾಚಿಕೆ.” ಪಾಲ್ಮೀರಜ್ಜಿ ತನ್ನ ಕೈವಸ್ತ್ರವನ್ನು ಮುಂದಿನ ಸಾಲಿಗೆ ದಾಟಿಸಿದಳು.

ಈಗ ಎಲ್ಲರ ಕಣ್ಣು ಪ್ರೊಫೆಸರಮ್ಮನ ಮೇಲೆ. ಆಕೆ ತೊಡೆಯ ಮೇಲಿನ ಪುಸ್ತಕವನ್ನೇ ನೋಡುತ್ತಿದ್ದರು. ಕನ್ನಡಕ ಕೈಯಲ್ಲಿತ್ತು.

“ನಲವತ್ತೆರಡು ಪುಟ,” ಎಂದರು, ತಮಗೆ ತಾವೇ. “ಅವನ ಹೆಂಡತಿಯ ತಟ್ಟೆ.”

ಗಾಳಿ ಎತ್ತ ಬೀಸುತ್ತಿದೆ ಎಂದು ತಿಳಿಯದ ಬಾಲ್ದುಚ್ಚಿ, “ಮೇಡಂ, ಸಮಿತಿಗೆ ನಿಮ್ಮ ದೂರು ಬರೆಯೋದಿದ್ರೆ ಪೆನ್ನು ಇದೆ,” ಎಂದು ತನ್ನ ಚಿನ್ನದ ಮುಳ್ಳಿನ ಪೆನ್ನು ಚಾಚಿದ. ಆಕೆ ತೆಗೆದುಕೊಂಡರು. ಪುಸ್ತಕದ ಮೇಲೆಯೇ ಕಾಗದ ಇಟ್ಟು ಬರೆದರು. ಬರೆದದ್ದು ಎರಡೇ ಸಾಲು. ಕೆಳಗೆ ಸಹಿ ಹಾಕಿ, ಓದಿ ಎಂದು ಅವನ ಕೈಗೇ ಕೊಟ್ಟರು. ಮೈಕಿನ ಮುಂದೆ ಕಾಗದ ಕೊಟ್ಟರೆ ಓದದೇ ಇರುವ ಮೇಯರ್ ನಮ್ಮ ದೇಶದಲ್ಲಿಲ್ಲ. ಬಾಲ್ದುಚ್ಚಿ ಗಂಟಲು ಸರಿಪಡಿಸಿಕೊಂಡು ದೊಡ್ಡ ದನಿಯಲ್ಲಿ ಓದಿದ:

“ಈ ಚಿತ್ರವನ್ನು ನಾವು ಎಂಟು ದೇಶಗಳಲ್ಲಿ ತೋರಿಸಿದ್ದೇವೆ, ಜನ ನೋಡಿದ್ದು ಅಸ್ತ್ರಾದಲ್ಲಿ ಮಾತ್ರ. ಈ ಚಿತ್ರಮಂದಿರವೂ ಇದನ್ನು ನಡೆಸುವ ಸೆತ್ತಿಮಿಯೊ ಅವರೂ ಇದ್ದಲ್ಲಿಯೇ ಇರತಕ್ಕದ್ದು.”

ಓದಿ ಮುಗಿಸಿದ ಮೇಲೆ ತಾನು ಏನು ಓದಿದೆ ಎಂದು ಅವನಿಗೆ ಹೊಳೆಯಿತು. ಅಷ್ಟರಲ್ಲಿ ಜನ ಎದ್ದು ನಿಂತಿದ್ದರು. ಪ್ರಿಮೊ ಭಾವನನ್ನು ಬೂತಿನಿಂದ ಹೊತ್ತುಕೊಂಡೇ ತಂದ. ಅಕ್ಕ ಓರ್ನೆಲ್ಲಾ ಏಳು ಸಾಲು ದಾಟಿ ಓಡಿ ಬಂದು, ಊರೆಲ್ಲ ನೋಡುತ್ತಿದ್ದಂತೆ ಗಂಡನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. “ಸಲಾಡಿನ ಬುದ್ಧಿ ಹೇಳಿದ್ದು ನಾನು!” ಎಂದು ಎಲ್ಲರಿಗೂ ಹೇಳಿದಳು. ಪ್ರೊಫೆಸರಮ್ಮ ಮತ್ತೆ ಕನ್ನಡಕ ಹಾಕಿ, ಡೈರಿ ತೆಗೆದು, ಅದನ್ನೂ ಬರೆದುಕೊಂಡರು.

ಬಾಲ್ದುಚ್ಚಿ ರಾಜಕಾರಣಿ. ಅರ್ಧ ನಿಮಿಷದಲ್ಲಿ ಸುಣ್ಣ ಕೊಡವಿಕೊಂಡು ಭಾವನ ಹೆಗಲ ಮೇಲೆ ಕೈ ಹಾಕಿ ಮೈಕಿಗೆ ಬಾಯಿಟ್ಟ. “ನಮ್ಮ ಸೆತ್ತಿಮಿಯೊ ಈ ಊರಿನ ಆಸ್ತಿ! ನಾನು ಮೊದಲಿಂದ ಹೇಳ್ತಾನೇ ಇದೀನಿ! ಸೆತ್ತಿಮಿಯೊ ಅವರೇ, ನಾಳೆ ಬೆಳಗ್ಗೆ ಎಂದಿನಂತೆ ನಮ್ಮ ಹೆಮ್ಮೆಯ ಅಸ್ತ್ರಾಕ್ಕೆ ಕೆಲಸಕ್ಕೆ ಬನ್ನಿ!”

ನಮ್ಮ ಭಾವ ಆ ಕೈಯನ್ನು ಹೆಗಲಿನಿಂದ ಮೆಲ್ಲಗೆ ಎತ್ತಿ ಕೆಳಗಿಟ್ಟರು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಮುನಿಸಿಪಾಲಿಟಿಯ ಮುಖವನ್ನು ನೇರವಾಗಿ ನೋಡಿದರು.

“ಆಗಲ್ಲ ಸ್ವಾಮಿ,” ಎಂದರು, ಮೈಕಿನಲ್ಲೇ. “ನಾಳೆ ಸೋಮವಾರ. ಅಸ್ತ್ರಾಕ್ಕೆ ವಾರದ ರಜೆ.”